ಎರಡನೆಯ ಸಲ ಬರುವ ಜನ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಕೈಗಡಿಯಾರ ನೋಡಿ ಆ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮೈದಾನದಲ್ಲಿರುವ ಜನರನ್ನು ಎಣಿಸುವುದು ಅಂದಿನ ನನ್ನ ಕೆಲಸ. ಮೂರು ಹತ್ತು ಎಂದು ಬರೆದ ಸಾಲಿನ ಮುಂದೆ ಎಣಿಕೆ ಇಲ್ಲ. ಪೆನ್ನಿನ ತುದಿ ಕಾಗದದ ಮೇಲಿದ್ದಾಗಲೇ ಎದುರಿನ ಗ್ಯಾಲರಿಯಿಂದ ಒಂದು ಸದ್ದು ಬಂತು. ದೊಡ್ಡದೇನಲ್ಲ. ಕಬ್ಬಿಣದ ಕೊಳವೆಯೊಂದು ಕೀಲಿನಿಂದ ಜಾರಿಕೊಂಡರೆ ಆಗುವಷ್ಟು ಸದ್ದು. ತಲೆಯೆತ್ತಿದರೆ ಮೇಲಿನ ಎರಡು ಸಾಲಿನ ಜನ, ನಾನು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಬಲ್ಲ ಜನ, ಒಟ್ಟಿಗೆ ಬಲಕ್ಕೆ ವಾಲುತ್ತಿದ್ದರು. ತಿರುವಿನಲ್ಲಿ ಬಸ್ಸು ಹೊರಳಿದಾಗ ನಿಂತವರು ವಾಲುತ್ತಾರಲ್ಲ, ಹಾಗೆ. ಅವರ ಕೈಗಳು ಇನ್ನೂ ಮೇಲಕ್ಕೇ ಚಾಚಿಕೊಂಡಿದ್ದವು. ಎಲ್ಲರೂ ಆಕಾಶದಿಂದ ಇಳಿಯುತ್ತಿದ್ದ ಒಂದು ಚೆಂಡನ್ನು ನೋಡುತ್ತಿದ್ದರು. ಅವರ ಕಾಲ ಕೆಳಗೆ ಏನಾಗುತ್ತಿದೆಯೆಂದು ನೋಡಿದವಳು ನಾನೊಬ್ಬಳೇ.

ಇದು ನಡೆದದ್ದು ಸಿಡ್ನಿಯ ಪಶ್ಚಿಮ ಭಾಗದಲ್ಲಿ, ತೊಂಬತ್ತರ ದಶಕದ ಮೊದಲ ವರ್ಷಗಳ ಒಂದು ಬೇಸಿಗೆಯಲ್ಲಿ. ಅಂದರೆ ನೀವು ಊರಲ್ಲಿ ಸ್ವೆಟರು ಹುಡುಕುವ ಜನವರಿಯಲ್ಲಿ. ಮನೆಗೆ ಬರೆದ ಕಾಗದದಲ್ಲಿ ಇದನ್ನು 'ಒಂದು ಸಣ್ಣ ಅಪಘಾತ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ಯಾರೂ ಸಾಯಲಿಲ್ಲ, ಆದ್ದರಿಂದ ಅದು ಸುಳ್ಳಲ್ಲ. ಆದರೆ ಅದನ್ನು ಪೂರ್ತಿ ಹೇಳದೆ ನಾನು ಈ ದೇಶದಲ್ಲಿ ಹೇಗೆ ನೆಲೆಯಾದೆ ಎಂದು ಹೇಳಲು ನನಗೆ ಬರುವುದಿಲ್ಲ.

ಮೊದಲು ನಾವು ಇಳಿದದ್ದು ಮೆಲ್ಬರ್ನಿನಲ್ಲಿ, ಎಂಬತ್ತರ ದಶಕ ಮುಗಿಯುತ್ತಿದ್ದಾಗ. ನನ್ನ ಗಂಡ ಶ್ರೀಪಾದನಿಗೆ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತ್ತು. ನನ್ನ ಚೀಲದಲ್ಲಿ ಮೈಸೂರಿನಲ್ಲಿ ಪಡೆದ ಸಂಖ್ಯಾಶಾಸ್ತ್ರದ ಎಂ.ಎಸ್ಸಿ., ಕಂಕುಳಲ್ಲಿ ಮೂರು ವರ್ಷದ ಮಗಳು ಅನು. ಸಿಕ್ಕ ಮನೆಯನ್ನು ಇಲ್ಲಿ 'ಗ್ರಾನಿ ಫ್ಲ್ಯಾಟ್' ಎನ್ನುತ್ತಾರೆ: ವಯಸ್ಸಾದ ತಾಯಿಗೆಂದು ಹಿತ್ತಲಲ್ಲಿ ಕಟ್ಟಿಸಿದ ಎರಡು ಕೋಣೆ, ತಾಯಿ ಇಲ್ಲವಾದ ಮೇಲೆ ನಮ್ಮಂಥವರಿಗೆ ರೆಂಟಿಗೆ. ಒಡತಿ ಮೊದಲ ದಿನವೇ ಬಾಗಿಲಲ್ಲಿ ನಿಂತು ಕೇಳಿದ್ದು ನಮ್ಮ ಜಾತಿಯನ್ನಲ್ಲ, ದೇವರನ್ನಲ್ಲ, ಮಾಂಸ ತಿನ್ನುತ್ತೀರಾ ಎಂದೂ ಅಲ್ಲ. "ನೀವು ಯಾವ ಟೀಮಿನ ಕಡೆ?" ಎಂದು. ಅಲ್ಲಿ ಫುಟ್‌ಬಾಲಿಗೆ 'ಫೂಟಿ' ಎನ್ನುತ್ತಾರೆ, ಅದು ಅವರದೇ ಬಗೆಯ ಆಟ. ಯಾವ ತಂಡದ ಕಡೆ ಎನ್ನುವುದು ಅಜ್ಜನಿಂದ ಮೊಮ್ಮಗನಿಗೆ ಮನೆತನದ ಹೆಸರಿನಂತೆ ಇಳಿದು ಬರುತ್ತದೆ. ಮೈಸೂರಿನಲ್ಲಿ ಹೊಸಬರನ್ನು "ಯಾವ ಕಡೆಯವರು?" ಎಂದು ಕೇಳಿದಾಗ ಹೇಳಲು ನಮ್ಮಲ್ಲಿ ಉತ್ತರ ಇರುತ್ತದೆ. ಇಲ್ಲಿ ನನ್ನಲ್ಲಿ ಇರಲಿಲ್ಲ. "ಯಾವುದರ ಕಡೆಯೂ ಅಲ್ಲ" ಎಂದೆ. ಅವಳಿಗೆ ನಿಜವಾಗಿ ದುಃಖವಾಯಿತು. ಮನೆ ಇಲ್ಲದವರನ್ನು ನೋಡಿದ ಹಾಗೆ ನೋಡಿದಳು.

ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸ, ಟ್ರಾಮ್ ನಿಲ್ದಾಣದಲ್ಲಿ ನಿಂತು ಹತ್ತುವವರನ್ನೂ ಇಳಿಯುವವರನ್ನೂ ಎಣಿಸುವುದು. ಅಂಗೈಯಲ್ಲಿ ಒಂದು ಸಣ್ಣ ಯಂತ್ರ. ಒಬ್ಬರಿಗೆ ಒಂದು ಸಲ ಒತ್ತಿದರೆ ಅಂಕೆ ಏರುತ್ತದೆ. ಬೆಳಗ್ಗೆ ಏಳರಿಂದ ಹತ್ತರವರೆಗೆ, ಚಳಿಯಲ್ಲಿ, ಸಾವಿರಾರು ಜನರನ್ನು ಎಣಿಸಿದ್ದೇನೆ, ಅವರಲ್ಲಿ ಒಬ್ಬರೂ ನನಗೆ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಸಿಟಿ ಬಸ್ ಸ್ಟ್ಯಾಂಡಿಗೆ ಹೋದರೆ ಹತ್ತು ಹೆಜ್ಜೆಯೊಳಗೆ ಯಾರಾದರೂ ಒಬ್ಬರು "ಏನಮ್ಮ, ಅಪ್ಪ ಹೇಗಿದ್ದಾರೆ?" ಎನ್ನುತ್ತಿದ್ದರು. ಮೊದಲ ಚಳಿಗಾಲದಲ್ಲಿ ಅಳು ಬರುತ್ತಿತ್ತು. ಎರಡನೆಯದರಲ್ಲಿ ಕೆಲಸ ಚೆನ್ನಾಗಿ ಬಂತು. ದೂರದಿಂದಲೇ ಗುಂಪನ್ನು ನೋಡಿ ಎಷ್ಟು ಜನ ಎಂದು ಹೇಳಬಲ್ಲವಳಾದೆ. ಶನಿವಾರ ಊರಿಗೆ ಊರೇ ಕುತ್ತಿಗೆಗೆ ಬಣ್ಣದ ಉಲ್ಲನ್ ಪಟ್ಟಿ ಸುತ್ತಿಕೊಂಡು ಮೈದಾನದ ಕಡೆ ಹರಿಯುವುದನ್ನು ಎಣಿಸುತ್ತ ನನಗೆ ಒಂದು ವಿಷಯ ತಿಳಿಯಿತು: ಊರು ತಂಡವನ್ನು ಸಾಕುವುದು ಒಂದು ದಿನದ ಉತ್ಸಾಹದಿಂದ ಅಲ್ಲ, ಸೋತ ವಾರದ ಮರುವಾರವೂ ಬರುವವರಿಂದ.

ಎರಡು ವರ್ಷದ ಮೇಲೆ ಶ್ರೀಪಾದನಿಗೆ ಸಿಡ್ನಿಯಲ್ಲಿ ಕೆಲಸವಾಯಿತು. ಅದರ ಪಶ್ಚಿಮ ಭಾಗದ ದೊಡ್ಡ ಪೇಟೆ ಪ್ಯಾರಮಟ್ಟಾದಿಂದ ನಾಲ್ಕು ಸ್ಟೇಷನ್ ಆಚೆಯ ಒಂದು ಹೊಸ ಬಡಾವಣೆಯಲ್ಲಿ ಮನೆ ಮಾಡಿದೆವು. ರಸ್ತೆಗಳಿಗೆ ಹೆಸರು ಬಿದ್ದಿತ್ತು, ಮರಗಳು ಇನ್ನೂ ಮೊಳಕಾಲೆತ್ತರ. ಪಕ್ಕದ ಮನೆಯವರು ಲೆಬನಾನಿನವರು, ಎದುರಿನವರು ಫಿಲಿಪ್ಪೀನ್ಸಿನವರು, ಮೂಲೆಯ ತರಕಾರಿ ಅಂಗಡಿಯವರು ವಿಯೆಟ್ನಾಮಿನವರು. ಮೆಲ್ಬರ್ನಿನಲ್ಲಿ ನಾವು ಮಾತ್ರ ಹೊಸಬರು ಅನ್ನಿಸುತ್ತಿತ್ತು. ಇಲ್ಲಿ ಎಲ್ಲರೂ ಮೊನ್ನೆ ಬಂದವರೇ. ಯಾರಿಗೂ ಅಜ್ಜನ ತಂಡ ಇರಲಿಲ್ಲ. ಆ ಖಾಲಿತನದಲ್ಲಿ ಉಸಿರಾಡಲು ಸುಲಭವಾಗಿತ್ತು.

ಕೆಲಸ ಸಿಕ್ಕಿದ್ದು ಪ್ಯಾರಮಟ್ಟಾದಲ್ಲಿ, ಬೇಕರಿಯೊಂದರ ಮೇಲಿನ ಮೂರು ಜನರ ಆಫೀಸಿನಲ್ಲಿ. ಊರು ಬೆಳೆಯುವಲ್ಲಿ ಎಲ್ಲಿ ಶಾಲೆ ಬೇಕು, ಎಲ್ಲಿ ಈಜುಕೊಳ ಬೇಕು ಎಂದು ಲೆಕ್ಕ ಹಾಕಿ ವರದಿ ಬರೆಯುವ ಸಂಸ್ಥೆ. ಅದರ ಯಜಮಾನ ಕಾಲಿನ್, ಐವತ್ತು ದಾಟಿದವನು, ಬಲಗೈಯ ಎರಡು ಬೆರಳು ಸೊಟ್ಟ. ಬೇಸ್‌ಬಾಲ್ ಆಡಿ ಆದದ್ದು ಎಂದು ಹೆಮ್ಮೆಯಿಂದ ತೋರಿಸುತ್ತಿದ್ದ. ಇಲ್ಲಿ ಯಜಮಾನನನ್ನೂ ಹೆಸರು ಹಿಡಿದೇ ಕರೆಯಬೇಕು. ಅದು ನನ್ನ ಬಾಯಿಗೆ ಬರಲು ಆರು ತಿಂಗಳು ಬೇಕಾಯಿತು. ಒಂದು ದಿನ ಅವನು ನನ್ನ ಮೇಜಿನ ಮೇಲೆ ಒಂದು ಫೈಲು ಇಟ್ಟ. ಅವನ ಇಂಗ್ಲಿಷನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

"ಸುಮಿ, ಇಲ್ಲಿನ ಕೆಲವು ವ್ಯಾಪಾರಸ್ಥರಿಗೆ ಒಂದು ಆಸೆ. ಸಿಡ್ನಿಯ ಈ ಪಶ್ಚಿಮ ಭಾಗಕ್ಕೇ ಒಂದು ಬೇಸ್‌ಬಾಲ್ ಟೀಮ್ ಬೇಕಂತೆ. ಲೋಕಲ್ ಕ್ಲಬ್ ಅಲ್ಲ, ದೇಶದ ದೊಡ್ಡ ಲೀಗಿನಲ್ಲಿ ಆಡೋದು. ಈ ಊರು ಅದನ್ನ ಸಾಕುತ್ತಾ?"

"ಬೇಸ್‌ಬಾಲ್ ಅಂದ್ರೆ ಏನು ಅಂತ ಮೊದಲು ಹೇಳು."

"ಭೇಷ್. ಅದಕ್ಕೇ ಈ ಕೆಲಸ ನಿನಗೆ. ನನಗೆ ಆ ಆಟ ಅಂದ್ರೆ ಹುಚ್ಚು. ನಾನು ಎಣಿಸಿದ್ರೆ ಒಬ್ಬ ಇಬ್ಬರಾಗ್ತಾನೆ."

ಎಂಟು ತಿಂಗಳು ಆ ಕೆಲಸ ಮಾಡಿದೆ. ಆಟ ಕಲಿತೆ. ನಮ್ಮ ಕ್ರಿಕೆಟ್ಟಿಗೆ ಒಗ್ಗಿದ ಕಣ್ಣಿಗೆ ಅದು ಮೊದಲು ವಿಚಿತ್ರ: ಎಸೆದ ಚೆಂಡು ನೆಲ ಮುಟ್ಟದೆಯೇ ಬ್ಯಾಟಿಗೆ ಬರುತ್ತದೆ, ಹೊಡೆದವನು ಬ್ಯಾಟು ಎಸೆದು ಓಡುತ್ತಾನೆ. ಎಲ್ಲಕ್ಕಿಂತ ವಿಚಿತ್ರ, ಚೆಂಡು ಜನರ ನಡುವೆ ಬಿದ್ದರೆ ಅದು ಹಿಡಿದವರಿಗೇ ಸೇರುತ್ತದೆ, ವಾಪಸು ಎಸೆಯಬೇಕಾಗಿಲ್ಲ. ಶನಿವಾರದ ಬೆಳಗ್ಗೆ ಮಕ್ಕಳ ಮೈದಾನಗಳಿಗೆ ಹೋದೆ, ಸ್ಟೇಷನ್ನುಗಳಲ್ಲಿ ನಿಂತೆ, ಶಾಲೆಗಳ ಪಟ್ಟಿ ಮಾಡಿದೆ. ಫಿಲಿಪ್ಪೀನ್ಸಿನ ತಾಯಂದಿರು, ತೈವಾನಿನ ಅಪ್ಪಂದಿರು ತಾವಾಗಿ ಬಂದು ಕೇಳುತ್ತಿದ್ದರು: "ಟೀಮ್ ಯಾವಾಗ ಬರುತ್ತೆ?" ಎಲ್ಲರಿಗೂ ನಾನು ಹಾಕಿದ ಪ್ರಶ್ನೆ ಒಂದೇ: ಎರಡನೆಯ ಸಲ ಬರುತ್ತೀರಾ? ಬಿಟ್ಟಿ ಟಿಕೆಟಿಗೆ ಬರುವವರನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಕೊನೆಗೆ ನನಗೆ ಅನುಮಾನವೇ ಉಳಿಯಲಿಲ್ಲ. ಈ ಊರು ಸಾಕುತ್ತದೆ. ಎಲ್ಲರೂ ಹೊಸಬರಾದ ಕಡೆ ಎಲ್ಲರಿಗೂ ಹೊಸದಾದ ತಂಡವೊಂದು ಬೇಕು. ಇದನ್ನು ಇಂದಿಗೂ ಅಷ್ಟೇ ಧೈರ್ಯದಿಂದ ಹೇಳುತ್ತೇನೆ.

ವರದಿಗೆ ಮೊದಲು ಒಂದು ಪ್ರಾಯೋಗಿಕ ಪಂದ್ಯ ಇಟ್ಟರು. "ನಿಮ್ಮ ಇಂಡಿಯಾದವರು ಬರ್ತಾರಾ?" ಎಂದ ಕಾಲಿನ್. ನಾನು ಲಲಿತಾ ಆಂಟಿಗೆ ಫೋನ್ ಮಾಡಿದೆ. ಇಲ್ಲಿನ ಕನ್ನಡದವರಲ್ಲಿ ಅವರು ಹೇಳಿದರೆ ಆಯಿತು. ಮೈಸೂರಿನ ಡಾಕ್ಟರೊಬ್ಬರ ಹೆಂಡತಿ, ಎಪ್ಪತ್ತರ ದಶಕದಲ್ಲೇ ಬಂದು ನೆಲೆಸಿದವರು.

"ಬೇಸ್‌ಬಾಲಾ? ಅದೇನೇ ಅದು, ಲಗೋರಿ ತರಾನಾ?"

"ಸುಮಾರು ಹಾಗೇ ಅಂದ್ಕೊಳ್ಳಿ ಆಂಟಿ. ಫ್ರೀ ಟಿಕೆಟ್. ಮೂರು ಗಂಟೆ ಹೊತ್ತಿನ ಆಟ."

"ಮೂರು ಗಂಟೆ ಅಂದ್ರೆ ಊಟ ಬೇಕು. ಪುಳಿಯೋಗರೆ ನಾನು ಮಾಡ್ತೀನಿ, ಮೊಸರನ್ನ ಬೇರೆ ಯಾರಿಗಾದ್ರೂ ಹೇಳು. ಮತ್ತೆ ನಮ್ಮ ಡಾಕ್ಟ್ರಿಗೆ ನೆರಳು ಬೇಕು. ಬಿಸಿಲಲ್ಲಿ ಕೂತ್ರೆ ಅವರು ಸೂರ್ಯನ ಮೇಲೆ ಸಿಟ್ಟಾಗಲ್ಲ, ನನ್ನ ಮೇಲೆ ಆಗ್ತಾರೆ."

ನಲವತ್ತಕ್ಕೂ ಹೆಚ್ಚು ಜನ ಬಂದರು. ಮದುವೆಗೆ ಬಂದ ಹಾಗೆ ಬಂದರು: ಸ್ಟೀಲ್ ಡಬ್ಬಿ, ಚಾಪೆ, ಫ್ಲಾಸ್ಕು, ಮಕ್ಕಳು. ಮೈದಾನದ ಒಂದು ಬದಿಗೆ ಆ ದಿನಕ್ಕೆಂದೇ ಗ್ಯಾಲರಿ ಕಟ್ಟಿದ್ದರು. ಕೆಳಗೆ ಕಬ್ಬಿಣದ ಕೊಳವೆಗಳ ಜೋಡಣೆ, ಮೇಲೆ ಉದ್ದನೆಯ ಅಲ್ಯೂಮಿನಿಯಂ ಹಲಗೆಗಳು. ಪ್ರತಿ ಹಲಗೆಯ ಮೇಲೆ ಒಂದರಿಂದ ಎಂಟರವರೆಗೆ ಅಂಕೆ ಬರೆದಿತ್ತು. ನಮ್ಮವರಿಗೆ ಮೂರು ಬೇರೆ ಬೇರೆ ಭಾಗಗಳಲ್ಲಿ ಟಿಕೆಟ್ ಇತ್ತು. ಆದರೆ ಚೆದುರಿ ಕೂತರೆ ಬಂದದ್ದೇ ದಂಡ ಎಂದು ಎಲ್ಲರೂ ಒಂದೇ ಭಾಗಕ್ಕೆ ಸೇರಿದರು. ಬಿಸಿಲು ಏರಿದ ಮೇಲೆ, ಪಕ್ಕದ ದೊಡ್ಡ ಮರದ ನೆರಳು ಬೀಳುವ ಮೇಲಿನ ಮೂಲೆಗೆ ಒಬ್ಬೊಬ್ಬರಾಗಿ ಸರಿದರು. ಉಳಿದವರು ಕೆಳಗೆ ನಿಂತು ನನ್ನ ಮುಖ ನೋಡಿದರು.

ನಾನು ಮೈದಾನದ ಕಟ್ಟೆಯಿಂದ ಎರಡೂ ಕೈ ಎತ್ತಿ ಕೂಗಿದೆ. "ಮೇಲೆ ಹೋಗಿ, ಮೇಲೆ! ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಎಲ್ಲರೂ ಹಿಡೀತೀರಿ!"

ಕೂತಿದ್ದವರು ತಟ್ಟನೆ ಒತ್ತೊತ್ತಿಗೆ ಸರಿದರು. ಹೊಸಬರು ಕೂತರು. ನಗು, ಡಬ್ಬಿ ತೆರೆಯುವ ಸದ್ದು. ನನಗೆ ಹೇಳಲಾರದಷ್ಟು ಸಂತೋಷವಾಗಿತ್ತು. ಈ ದೇಶಕ್ಕೆ ಬಂದ ಮೇಲೆ ಅಷ್ಟು ಮಂದಿ ನನ್ನವರನ್ನು ಒಂದೇ ಕಡೆ ನಾನು ಎಣಿಸಿದ್ದು ಅದೇ ಮೊದಲು. ನಮ್ಮ ಊರಿನ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಕೊಡದವರನ್ನು ಜನ ಹೇಗೆ ನೋಡುತ್ತಾರೆ ಎಂದು ನಿಮಗೆ ಗೊತ್ತು. ಇಲ್ಲಿ ಅರ್ಧ ಖಾಲಿಯಿರುವ ಥಿಯೇಟರಿನಲ್ಲೂ ಜನ ನಂಬರು ಹುಡುಕಿಕೊಂಡು ಹೋಗಿ ಕೂರುತ್ತಾರೆ. ಅದನ್ನು ನೋಡಿ ಮೆಲ್ಬರ್ನಿನಲ್ಲಿ ನಾನೂ ಶ್ರೀಪಾದನೂ ಎಷ್ಟೋ ಸಲ ನಕ್ಕಿದ್ದೆವು.

ಕಿತ್ತಳೆ ಬಣ್ಣದ ಅಂಗಿ ತೊಟ್ಟ ಸ್ವಯಂಸೇವಕಿಯೊಬ್ಬಳು, ಅಜ್ಜಿಯ ವಯಸ್ಸಿನವಳು, ನನ್ನ ಹತ್ತಿರ ಬಂದಳು. "ಒಂದು ನಂಬರಿಗೆ ಒಬ್ಬರೇ ಕೂರಬೇಕು ಅಂತ ಅವರಿಗೆ ಹೇಳ್ತೀಯಾ, ಲವ್?" ಎಂದಳು, ನಮ್ಮಲ್ಲಿ ಹಿರಿಯರು 'ಮಗಳೇ' ಎನ್ನುವ ಹಾಗೆ.

"ನೋ ವರೀಸ್" ಎಂದೆ. ಏನೂ ತೊಂದರೆಯಿಲ್ಲ ಎನ್ನಲು ಇಲ್ಲಿಯವರು ಬಳಸುವ ಮಾತು ಅದು. ಸರಾಗವಾಗಿ ನಾಲಿಗೆಗೆ ಬಂದದ್ದಕ್ಕೆ ಒಳಗೊಳಗೇ ಖುಷಿಪಟ್ಟೆ. ನಮ್ಮವರಿಗೆ ಮಾತ್ರ ಹೇಳಲಿಲ್ಲ.

ಆಮೇಲೆ ಕಾಲಿನ್‌ನ ಕಿರುಚಾಟ ಕೇಳಿಸಿತು. ಅನು ಮತ್ತು ಇನ್ನೂ ನಾಲ್ಕೈದು ಮಕ್ಕಳು ನೆರಳೆಂದು ಗ್ಯಾಲರಿಯ ಕೆಳಗೆ, ಕೊಳವೆಗಳ ನಡುವೆ ಕೂತು ಮನೆಯಾಟ ಆಡುತ್ತಿದ್ದರು. ಅವನು ಬಗ್ಗಿ ಒಳಗೆ ನುಗ್ಗಿ, "ಹೊರಗೆ! ಎಲ್ಲರೂ ಹೊರಗೆ! ಈಗಲೇ!" ಎಂದು ಗದರಿ ಓಡಿಸಿದ. ಅನು ಒಂದೇ ಚಪ್ಪಲಿಯಲ್ಲಿ ಅಳುತ್ತ ನನ್ನ ಹತ್ತಿರ ಬಂದಳು. "ಹಿ ಶೌಟೆಡ್ ಅಟ್ ಮಿ, ಅಮ್ಮಾ." ನನಗೆ ರೇಗಿತು.

"ಕಾಲಿನ್, ಮಕ್ಕಳು ಆಡ್ಕೊಂಡಿದ್ರು ಅಷ್ಟೆ. ಹೀಗಾ ಕಿರುಚೋದು?"

"ಗ್ಯಾಲರಿ ಕೆಳಗೆ ಯಾರೂ ಇರಬಾರದು ಸುಮಿ. ನಮ್ಮಮ್ಮ ಕೂತಿದ್ರೂ ಹೀಗೇ ಕಿರುಚ್ತಿದ್ದೆ."

ಎಲ್ಲದಕ್ಕೂ ರೂಲ್ಸು, ಪ್ರೀತಿ ಅನ್ನುವುದೇ ಇಲ್ಲ ಈ ಜನಕ್ಕೆ ಎಂದುಕೊಂಡು ಮೂರು ಗಂಟೆಯ ಎಣಿಕೆಯನ್ನು ಸಿಟ್ಟಿನಲ್ಲೇ ಬರೆದೆ.

ಹತ್ತು ನಿಮಿಷ ಕಳೆಯಿತು. ಬ್ಯಾಟಿನ ಅಂಚಿಗೆ ತಗುಲಿದ ಚೆಂಡು ನೇರ ನಮ್ಮವರ ಕಡೆ ಹಾರಿತು. "ನಂದು! ನಂದು! ಲೀವ್ ಇಟ್!" ಎಂದು ಡಾಕ್ಟರ್ ಅಂಕಲ್ ಎದ್ದರು. ಮೇಲಿನೆರಡು ಸಾಲು ಪೂರ್ತಿ ಎದ್ದಿತು. ಎಂಟು ಜನರ ಹಲಗೆಯ ಮೇಲೆ ಹದಿಮೂರು ಜನ, ಎಲ್ಲರೂ ಒಂದೇ ಮೂಲೆಗೆ ಒರಗಿ, ಒಂದೇ ಚೆಂಡಿಗೆ ಕೈ ಚಾಚಿದರು.

ಹಲಗೆ ಸೊಂಟದೆತ್ತರ ಕುಸಿಯಿತು. ಜನ ಒಬ್ಬರ ಮೇಲೊಬ್ಬರು ಜಾರಿದರು. ಡಬ್ಬಿಗಳು ಮೆಟ್ಟಿಲು ಮೆಟ್ಟಿಲಾಗಿ ಉರುಳಿದವು. ಲಲಿತಾ ಆಂಟಿಯ ಕಾಲು ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡಿತ್ತು. ಅವರು ಕೂಗಲಿಲ್ಲ, "ಮೊದಲು ಆ ಮಗೂನ ಇಳಿಸಿ" ಎನ್ನುತ್ತಿದ್ದರು. ನಾನು ಗ್ಯಾಲರಿಯ ಕೆಳಗೆ ನೋಡಿದೆ. ಮಕ್ಕಳು ಆಡುತ್ತಿದ್ದ ಜಾಗದಲ್ಲಿ ಅಡ್ಡಕೊಳವೆಗಳು ರಾಶಿ ಬಿದ್ದಿದ್ದವು. ಅನುವಿನ ಇನ್ನೊಂದು ಚಪ್ಪಲಿ ಅಲ್ಲಿತ್ತು. ಒಂದು ಕೊಳವೆ ಅದರ ಮೇಲೆಯೇ ಬಿದ್ದಿತ್ತು.

ಅನು ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಸೆರಗು ಹಿಡಿದುಕೊಂಡು. ಅದು ಕಣ್ಣಿಗೆ ಕಾಣುತ್ತಿತ್ತು. ಆದರೂ ಆ ದಿನದಿಂದ ನಾನು ಕಣ್ಣು ಮುಚ್ಚಿದಾಗಲೆಲ್ಲ ಅವಳು ಅಲ್ಲೇ, ಕೊಳವೆಗಳ ನಡುವೆ ಕೂತಿರುತ್ತಿದ್ದಳು. ನಾನು ಮತ್ತೆ ಕೈ ಎತ್ತಿ ಎಲ್ಲರನ್ನೂ ಮೇಲೆ ಕಳಿಸುತ್ತಿದ್ದೆ. ಒಂದೊಂದು ಸಲ ಕಾಲಿನ್ ಕಿರುಚುತ್ತಿದ್ದ, ಒಂದೊಂದು ಸಲ ಕಿರುಚುತ್ತಿರಲಿಲ್ಲ. ಗಂಟೆಗೊಮ್ಮೆ ಎದ್ದು ಅವಳ ಹಾಸಿಗೆ ಮುಟ್ಟಿ ನೋಡುವುದು ಅಭ್ಯಾಸವಾಯಿತು. ರೈಲಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಹೋದರೂ ಮೊದಲು ಕಾಲ ಕೆಳಗಿನ ನೆಲ ನೋಡುತ್ತಿದ್ದೆ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಆಂಟಿಯ ಕಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದರು. ಡಾಕ್ಟರ್ ಅಂಕಲ್ ಪಕ್ಕದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು.

"ಆಂಟಿ, ನಾನೇ ಎಲ್ಲರನ್ನೂ ಮೇಲೆ ಕರೆದದ್ದು" ಎಂದೆ.

"ಹೂಂ, ಕರೆದೆ. ನಾನು ಹೋದೆ. ಹಲಗೆ ಮೇಲೆ ಎಂಟರ ತನಕ ಬರೆದಿತ್ತು, ನಾನು ಹನ್ನೊಂದನೆಯವಳು. ಎಣಿಸೋಕೆ ನಿನಗೊಬ್ಬಳಿಗೇ ಬರೋದಾ? ಅದಿರಲಿ, ಕೊನೆಗೆ ಯಾರು ಗೆದ್ರು?"

"ಮ್ಯಾಚ್ ನಿಲ್ಲಿಸಿಬಿಟ್ರು ಆಂಟಿ."

"ಥೂ! ಕಾಲು ಮುರ್ಕೊಂಡಿದ್ದಕ್ಕೆ ಒಂದು ರಿಸಲ್ಟೂ ಇಲ್ಲ."

"ಆ ಬಾಲ್ ನನ್ನ ಕೈಗೇ ಬರ್ತಿತ್ತು" ಎಂದರು ಅಂಕಲ್ ಪೇಪರಿನ ಹಿಂದಿನಿಂದ.

"ಬಾಲ್ ಬೀಳೋ ಮುಂಚೆ ನೀವು ಬಿದ್ರಲ್ಲ, ಸಾಕು ಸುಮ್ನಿರಿ."

ಅಷ್ಟರಲ್ಲಿ ತಪಾಸಣೆಯಾಗಿತ್ತು. ಗ್ಯಾಲರಿ ಕಟ್ಟಿದವರು ಒಂದು ಕೀಲಿಗೆ ಪಿನ್ನನ್ನು ಪೂರ್ತಿ ಬಡಿದಿರಲಿಲ್ಲ ಎಂದು ತಿಳಿಯಿತು. ನಮ್ಮವರ ಮನೆಗಳಿಂದ ಫೋನುಗಳು ಬರತೊಡಗಿದವು. "ಸುಮಿತ್ರಾ, ತಪ್ಪು ಕಟ್ಟಿದೋರದ್ದು. ನೀನು ಮಧ್ಯೆ ಬಾಯಿ ಹಾಕ್ಬೇಡ. ಆಮೇಲೆ ಇಂಡಿಯನ್ಸ್ ಹತ್ತಿ ಗ್ಯಾಲರಿ ಬೀಳಿಸಿದ್ರು ಅಂತಾರೆ." ಕಾಲಿನ್ ಕೂಡ ಬಾಗಿಲು ಹಾಕಿ ಮೆಲ್ಲಗೆ ಹೇಳಿದ: "ರಿಪೋರ್ಟಿನಲ್ಲಿ ಪಿನ್ ವಿಷಯ ಬರೆದರೆ ಸಾಕು ಸುಮಿ. ಜನ ಹೆಚ್ಚಾಗಿ ಕೂತಿದ್ರು ಅಂತ ಬರೆದ್ರೆ, ಈ ಊರಿನವರಿಗೆ ಮ್ಯಾಚ್ ನೋಡೋಕೇ ಬರಲ್ಲ ಅಂತ ಲೀಗಿನವರು ಕೈ ಬಿಡ್ತಾರೆ. ನಿನ್ನನ್ನ ಯಾರೂ ಕೇಳಿಲ್ಲವಲ್ಲ."

ಅವನು ಹೇಳಿದ್ದರಲ್ಲಿ ಒಳ್ಳೆಯ ಮನಸ್ಸಿತ್ತು. ಆದರೆ ವರದಿಯ ಮುಂದೆ ಕೂತಾಗ ನನ್ನ ಓದು ನನ್ನನ್ನು ಬಿಡಲಿಲ್ಲ. ಪಿನ್ ಒಂದನ್ನೇ ಬರೆದರೆ ಮುಂದಿನ ಸಲ ಪಿನ್ನನ್ನು ಗಟ್ಟಿಯಾಗಿ ಬಡಿಯುತ್ತಾರೆ. ಮತ್ತೆ ನನ್ನಂಥವಳೊಬ್ಬಳು ಕೈ ಎತ್ತಿ ಕೂಗುತ್ತಾಳೆ, ಮತ್ತೆ ಎಂಟರ ಹಲಗೆಯ ಮೇಲೆ ಹದಿಮೂರು ಜನ ಪ್ರೀತಿಯಿಂದ ಕೂರುತ್ತಾರೆ. ಕೆಳಗೆ ಯಾರ ಮಕ್ಕಳೋ. ಶ್ರೀಪಾದನನ್ನು ಕೇಳಿದೆ. ಅವನು ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದ.

"ಬರೆದರೆ ಕೆಲಸ ಹೋಗಬಹುದು. ಟೀಮೂ ಹೋಗಬಹುದು."

"ಹೋಗಬಹುದು. ಆನ್ಸರ್ ಸರಿ ಇದ್ರೂ ಸ್ಟೆಪ್ಸ್ ಬಿಟ್ಟೋರಿಗೆ ನಾನು ಫುಲ್ ಮಾರ್ಕ್ಸ್ ಕೊಡಲ್ಲ. ಇಷ್ಟೇ ನನಗೆ ಗೊತ್ತಿರೋದು" ಎಂದ, ತಲೆಯೆತ್ತದೆ.

ಲೀಗಿನವರ ಕಚೇರಿ ಮೆಲ್ಬರ್ನಿನಲ್ಲಿತ್ತು. ಏಪ್ರಿಲ್‌ನಲ್ಲಿ, ಎಲೆ ಉದುರುವ ಕಾಲದಲ್ಲಿ, ಕಾಲಿನ್ ಮತ್ತು ನಾನು ರೈಲಿನಲ್ಲಿ ಹೋದೆವು. ನಾನು ಚಳಿಯಲ್ಲಿ ನಿಂತು ಎಣಿಸುತ್ತಿದ್ದ ಟ್ರಾಮ್ ನಿಲ್ದಾಣವನ್ನು ದಾಟಿಯೇ ಹೋಗಬೇಕಿತ್ತು. ಆಗ ಅಲ್ಲಿ ಯಾರಿಗೂ ಬೇಡದವಳಾಗಿದ್ದೆ. ಈಗ ಒಂದು ಊರಿನ ಪರವಾಗಿ ಮಾತಾಡಲು ಬಂದಿದ್ದೆ. ಎದುರಿಗೆ ಐದು ಜನ ಕೂತಿದ್ದರು.

"ನೇರವಾಗಿ ಹೇಳಿ. ಆ ಊರು ತಂಡವನ್ನು ಸಾಕುತ್ತದೆಯೇ?" ಎಂದು ಹಿರಿಯರೊಬ್ಬರು ಕೇಳಿದರು.

"ಸಾಕುತ್ತದೆ" ಎಂದೆ. ಯಾಕೆ ಎಂದು ಅರ್ಧ ಗಂಟೆ ಹೇಳಿದೆ. ನೀರು ಕುಡಿದೆ. ಆಮೇಲೆ, "ಇನ್ನೊಂದು ವಿಷಯ ಇದೆ. ಅವತ್ತು ಆ ಮೂಲೆಗೆ ಜನರನ್ನು ಕಳಿಸಿದವಳು ನಾನು. ನಂಬರು ನೋಡಿ ಕೂರಲು ಹೇಳೆಂದು ನನಗೆ ಹೇಳಿದ್ದರು, ನಾನು ಹೇಳಲಿಲ್ಲ" ಎಂದೆ. ನಮ್ಮಲ್ಲಿ ಬಂದವರಿಗೆ ಸರಿದು ಜಾಗ ಕೊಡುವುದು ಹೇಗೆ ಮರ್ಯಾದೆಯೋ, ಎಷ್ಟೋ ದೇಶಗಳಿಂದ ಬಂದ ನನ್ನ ನೆರೆಯವರಲ್ಲೂ ಅದು ಹಾಗೆಯೇ ಎಂದು ವಿವರಿಸಿದೆ. ಆ ಊರಿಗೆ ಗ್ಯಾಲರಿ ಕಟ್ಟುವುದಾದರೆ ಉದ್ದ ಹಲಗೆ ಬೇಡ, ಬೇರೆ ಬೇರೆ ಕುರ್ಚಿ ಬೇಕು. ಒಂದೇ ಮೂಲೆಗೆ ನುಗ್ಗದಂತೆ ಇಡೀ ಗ್ಯಾಲರಿಗೆ ನೆರಳಿನ ಚಾವಣಿ ಬೇಕು. ಮೂರು ತಲೆಮಾರಿನ ಕುಟುಂಬ ಒಟ್ಟಿಗೆ ಕೂರುವಂತೆ ಟಿಕೆಟ್ ಹಂಚಬೇಕು. ಕೆಳಭಾಗಕ್ಕೆ ಗೋಡೆ ಬೇಕು. "ನಿಮ್ಮ ರೂಲ್ಸನ್ನು ನಾವು ಕಲಿಯುತ್ತೇವೆ. ನಮ್ಮ ಅಭ್ಯಾಸವನ್ನು ನೀವು ಲೆಕ್ಕಕ್ಕೆ ಹಿಡಿಯಿರಿ" ಎಂದೆ.

ಆ ಹಿರಿಯರು ನನ್ನ ವರದಿಯ ಮೊದಲ ಪುಟಕ್ಕೆ ಹಿಂದಿರುಗಿ, ನಾನು ಊರಿಗೆಲ್ಲ ಹಾಕಿದ್ದ ಪ್ರಶ್ನೆಯನ್ನೇ ನನಗೆ ಹಾಕಿದರು. "ಅವತ್ತು ಬಿದ್ದವರು ಎರಡನೆಯ ಸಲ ಬರುತ್ತಾರೆಯೇ?"

"ಗೊತ್ತಿಲ್ಲ" ಎಂದೆ. "ಫೋನಿನಲ್ಲಿ ಕೇಳಿದರೆ ನನಗೆ ಬೇಸರವಾಗದಿರಲಿ ಎಂದು ಎಲ್ಲರೂ ಬರುತ್ತೇವೆ ಅಂತಲೇ ಹೇಳುತ್ತಾರೆ. ಆದ್ದರಿಂದ ಕೇಳಿಲ್ಲ. ಇನ್ನೊಂದು ಪಂದ್ಯ ಇಡಿ. ಟಿಕೆಟ್ ಮಾರಿ. ಎಣಿಸೋಣ."

ಹಿಂದಿರುಗುವ ರೈಲಿನಲ್ಲಿ ಕಾಲಿನ್ ಬಹಳ ದೂರದವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದ. ಕೊನೆಗೆ, "ನನಗೆ ನಿನ್ನ ಮೇಲೆ ಸಿಟ್ಟಿದೆ. ಸೋಮವಾರದ ಹೊತ್ತಿಗೆ ಇಳಿಯುತ್ತೆ. ಕೆಲಸಕ್ಕೆ ಬಾ" ಎಂದ. ಅವತ್ತು ಮಕ್ಕಳನ್ನು ಓಡಿಸಿದ್ದಕ್ಕೆ ನಾನು ಅವನಿಗೆ ಇನ್ನೂ ಥ್ಯಾಂಕ್ಸ್ ಹೇಳಿರಲಿಲ್ಲ. ಆಗ ಹೇಳಿದೆ. ಅವನು ತನ್ನ ಸೊಟ್ಟ ಬೆರಳುಗಳನ್ನು ನೋಡಿಕೊಂಡು, "ಅಳಿಸಿಬಿಟ್ಟೆ ಪಾಪ ಅವಳನ್ನ" ಎಂದ.

ಎರಡನೆಯ ಪಂದ್ಯ ಇಟ್ಟದ್ದು ಸೆಪ್ಟೆಂಬರಿನ ಒಂದು ಭಾನುವಾರ, ಕಾಂಕ್ರೀಟ್ ಮೆಟ್ಟಿಲುಗಳಿದ್ದ ಒಂದು ಮೈದಾನದಲ್ಲಿ. ಬಿಟ್ಟಿ ಟಿಕೆಟ್ ಇರಲಿಲ್ಲ. ನಾನು ಯಾರಿಗೂ ಫೋನ್ ಮಾಡಲಿಲ್ಲ. ಮಾಡಿದರೆ ಎಣಿಕೆ ಕೆಡುತ್ತಿತ್ತು. ಮೆಲ್ಬರ್ನಿನಿಂದ ಆ ಹಿರಿಯರೇ ಬಂದು ಒಂದು ತುದಿಯಲ್ಲಿ ಕೂತಿದ್ದರು. ಫಿಲಿಪ್ಪೀನ್ಸಿನವರು ಬಂದರು, ತೈವಾನಿನವರು ಬಂದರು, ಕ್ರಿಕೆಟ್ ಕ್ಲಬ್ಬಿನ ಹುಡುಗರು ಬಂದರು. ನಮ್ಮವರ ಒಂದು ಮುಖವೂ ಕಾಣಲಿಲ್ಲ. ಆಟ ಶುರುವಾಗಿ ಅರ್ಧ ಗಂಟೆಯಾಯಿತು. ಬರದಿದ್ದರೆ ಸಾಕಪ್ಪ ಎಂದು ಒಂದು ಮನಸ್ಸು, ಬರಲಿ ಎಂದು ಇನ್ನೊಂದು.

ಗೇಟಿನ ಕಡೆಯಿಂದ ಕನ್ನಡ ಕೇಳಿಸಿತು.

"ಡಾಕ್ಟ್ರೇ, ನಿಮ್ಮ ನಂಬರ್ ಅದಲ್ಲ. ಟಿಕೆಟ್ ನೋಡಿ ಕೂರಿ."

"ಇಲ್ಲಿಂದ ಬಾಲ್ ಚೆನ್ನಾಗಿ ಕಾಣುತ್ತೆ ಕಣೇ."

"ಬಾಲ್ ನೋಡಿದ್ದು ಸಾಕು, ನಂಬರ್ ನೋಡಿ."

ಲಲಿತಾ ಆಂಟಿ ಕೋಲೂರಿಕೊಂಡು ಬರುತ್ತಿದ್ದರು. ಹಿಂದೆ ಇನ್ನೂ ಆರು ಮನೆಯವರು. ಎಲ್ಲರೂ ಬರಲಿಲ್ಲ, ಅವತ್ತು ಬಂದಿದ್ದವರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಂಟಿ ನನ್ನನ್ನು ನೋಡಿ, "ಏನೇ, ಫೋನ್ ಮಾಡೋಕೂ ಆಗಲ್ವಾ ನಿನಗೆ? ರಿಸಲ್ಟ್ ನೋಡಬೇಕು ಅಂತ ನಾವೇ ದುಡ್ಡು ಕೊಟ್ಟು ಬಂದ್ವಿ" ಎಂದು ಬೈದರು. ನಾನು ಅವರನ್ನು ಒಬ್ಬೊಬ್ಬರಾಗಿ ಎಣಿಸಿದೆ. ಕಣ್ಣು ಮಂಜಾಗಿ ಎರಡು ಸಲ ಎಣಿಸಬೇಕಾಯಿತು. ಒಂದು ಚೆಂಡು ಅವರ ಕಡೆ ಹಾರಿ ಬಂದಾಗ ಎಲ್ಲರೂ ಎದ್ದರು, ಅಂಕಲ್ ಕೂಗಿದರು. ನಾನು ಕಂಬಿಯನ್ನು ಬೆರಳು ನೋಯುವಷ್ಟು ಗಟ್ಟಿಯಾಗಿ ಹಿಡಿದೆ. ಚೆಂಡನ್ನು ಅವರ ಮುಂದಿನ ಸಾಲಿನ ಹುಡುಗಿಯೊಬ್ಬಳು ಹಿಡಿದಳು. ಎಲ್ಲರೂ ಕೂತರು. ಅಷ್ಟೆ. ಆಟ ಮುಂದುವರಿಯಿತು.

ಅಂದು ಮನೆಗೆ ಬಂದು ಊಟ ಮಾಡಿ ಮಲಗಿದ್ದು ನೆನಪಿದೆ. ಆಮೇಲೆ ಏನೂ ನೆನಪಿಲ್ಲ.

ಫೋನ್ ಹೊಡೆದುಕೊಳ್ಳುತ್ತಿತ್ತು. ಮಂಚದಿಂದ ಎದ್ದು, ಹಜಾರಕ್ಕೆ ನಡೆದು, ಕಣ್ಣು ಬಿಡದೆಯೇ ತೆಗೆದುಕೊಂಡು ಹೇಳಿದೆ: "ಹಲೋ, ಅಪ್ಪ ಸ್ನಾನಕ್ಕೆ ಹೋಗಿದ್ದಾರೆ. ಸ್ವಲ್ಪ ಹೊತ್ತು ಬಿಟ್ಟು ಮಾಡ್ತೀರಾ?"

"ಸುಮಿ? ನೀನೇನಾ?" ಎಂದಿತು ಕಾಲಿನ್‌ನ ಧ್ವನಿ.

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಿದ್ದೆಗಣ್ಣಿನಲ್ಲಿ ನಾನಿನ್ನೂ ಮೈಸೂರಿನ ಮನೆಯಲ್ಲೇ ಇದ್ದೆ. ಹಜಾರದಲ್ಲಿ ಬಿಸಿಲು ಬಂದಿತ್ತು. ಬಾಗಿಲು ಯಾವ ಕಡೆ, ಅಡುಗೆಮನೆ ಯಾವ ಕಡೆ, ಇದು ಯಾವ ಮನೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಗಡಿಯಾರದಲ್ಲಿ ಒಂಬತ್ತಾಗಿತ್ತು. ಅನು ಶಾಲೆಗೆ ಹೋಗಿಯಾಗಿತ್ತು. ಮೇಜಿನ ಮೇಲೆ ಶ್ರೀಪಾದನ ಚೀಟಿ: 'ಎಬ್ಬಿಸಲಿಲ್ಲ.' ನಾನು ಒಂದು ಸಲವೂ ಎದ್ದಿರಲಿಲ್ಲ, ಅನುವಿನ ಹಾಸಿಗೆ ಮುಟ್ಟಿ ನೋಡಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿದ್ದೆ.

"ಎಲ್ಲಿದ್ದೀಯ? ಆಫೀಸಿನಲ್ಲಿ ಕಾಯ್ತಾ ಇದ್ದೀನಿ" ಎಂದ ಕಾಲಿನ್. "ಮೆಲ್ಬರ್ನಿನವರು ಏರ್‌ಪೋರ್ಟಿಂದ ಫೋನ್ ಮಾಡಿದ್ರು. ಟೀಮ್ ಕೊಡ್ತಾರೆ ಸುಮಿ. ಗ್ಯಾಲರಿ ನಿನ್ನ ಪಟ್ಟಿ ಪ್ರಕಾರ ಕಟ್ಟಬೇಕಂತೆ, ಕಟ್ಟಿದ ಮೇಲೆ ಶುರು. ಕೇಳ್ತಾ ಇದ್ದೀಯಾ?"

ನಾನು ಅಲ್ಲೇ ನೆಲದ ಮೇಲೆ ಕೂತೆ. ಬಾಯಿಗೆ ಬಂದದ್ದೆಲ್ಲ ಕನ್ನಡ. ಇಂಗ್ಲಿಷನ್ನು ಒಂದೊಂದೇ ಪದವಾಗಿ ಹುಡುಕಿ ತಂದುಕೊಂಡೆ.

"ಇನ್ನೊಂದು ಸಲ ಹೇಳು ಕಾಲಿನ್" ಎಂದೆ. "ನಿಧಾನವಾಗಿ ಹೇಳು. ನಾನು ಈಗಷ್ಟೇ ಬಂದೆ."